ಹನ್ನೆರಡು ಗೂಡಿನ ಡೆಸ್ಕು

ಸೊಸೆಯಾಗಿ ಈ ಮನೆಗೆ ಬಂದ ಹದಿನೇಳನೆಯ ದಿನ ಬೆಳಿಗ್ಗೆ ನಾನು ಮನೆಯನ್ನೇ ಒಲೆಗೆ ಹಾಕಲು ಹೊರಟಿದ್ದೆ. ಬೇಕೆಂದು ಮಾಡಿದ್ದಲ್ಲ. ಹಿಂದಿನ ಸಂಜೆ ಬಿದ್ದ ತುಂತುರಿಗೆ ಸೌದೆ ನೆನೆದಿತ್ತು. ಒಲೆಯ ಮೇಲಿನ ಹಲಗೆಯಲ್ಲಿ ಹೊಗೆ ಹಿಡಿದು ಕಂದಾಗಿದ್ದ ಒಂದು ಕಾಗದದ ಮಡಿಕೆ ಕಂಡಿತು. ಹತ್ತಿಸಲು ಇದೇ ಸರಿ ಎಂದು ಎಳೆದುಕೊಂಡೆ. ಕಡ್ಡಿ ಗೀರಬೇಕು, ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ನನ್ನ ಕೈ ಹಿಡಿದರು.

"ಅಯ್ಯೋ, ಅದು ಮನೆ ಕಾಗದ ಕಣೆ!"

ಬಿಡಿಸಿ ನೋಡಿದೆ. ನಮ್ಮ ಮಾವನವರ ತಂದೆ ಈ ಮನೆಯನ್ನು ಕೊಂಡ ಕ್ರಯಪತ್ರ. ಅದನ್ನು ಒಲೆಯ ಮೇಲೆ ಯಾಕಿಟ್ಟಿದ್ದೀರಿ ಎಂದು ಕೇಳಿದರೆ, ಅತ್ತೆಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಮನೆ ಅಂದ್ರೆ ಒಲೆ ಅಲ್ವಾ? ಮನೆ ಕಾಗದ ಇನ್ನೆಲ್ಲಿ ಮಡಗ್ಲಿ? ಹೊಗೆ ತಾಗ್ತಿದ್ರೆ ಹುಳಾನೂ ಹತ್ರ ಬರಲ್ಲ."

ಆ ದಿನದ ದಿನಚರಿಯಲ್ಲಿ "ಮನೆ ಉಳಿಯಿತು" ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದ್ದೇನೆ.

ಈ ಪ್ರಶ್ನೆ ಗುರುತಿನ ವಿಷಯ ಹೇಳಿಬಿಡುತ್ತೇನೆ. ನಾನು ದಿನಚರಿ ಬರೆಯುವುದು ಶಾಲೆಯ ಹಾಜರಿ ಪುಸ್ತಕದಲ್ಲಿ. ನಮ್ಮಪ್ಪ ಅನುಗೊಂಡನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಮೇಷ್ಟರು. ಯುದ್ಧ ಶುರುವಾದ ಮೇಲೆ ಅಂಗಡಿಗಳಲ್ಲಿ ಬಿಳಿಯ ಕಾಗದ ಕಾಣುವುದೇ ಅಪರೂಪವಾಯಿತಷ್ಟೆ. ಅರ್ಧ ಖಾಲಿ ಉಳಿದಿದ್ದ ಹಳೆಯ ಹಾಜರಿ ಪುಸ್ತಕವೊಂದನ್ನು ಅವರು ನನ್ನ ಮದುವೆ ಸೀರೆಗಳ ಅಡಿಯಲ್ಲಿಟ್ಟು ಕಳಿಸಿದರು. ಹುಡುಗರ ಹೆಸರಿರಬೇಕಾದ ಕಡೆ ನಾನು ದಿನದ ಕೆಲಸಗಳನ್ನು ಬರೆಯುತ್ತೇನೆ. ಮುಂದಿನ ಚೌಕದ ಮನೆಗಳಲ್ಲಿ ಲೆಕ್ಕ: ಸೇದಿದ ಕೊಡ ಎಷ್ಟು, ತಟ್ಟಿದ ಬೆರಣಿ ಎಷ್ಟು, ಅತ್ತೆ ಮಾತಾಡದೆ ಬರೀ "ಹೂಂ" ಅಂದದ್ದು ಎಷ್ಟು ಸಲ. ಕೊನೆಯಲ್ಲಿ "ಷರಾ" ಎಂದು ಅಚ್ಚಾಗಿರುವ ಜಾಗ ಒಂದಿದೆ. ನನಗೆ ಅರ್ಥವಾಗದ ಸಂಗತಿ ಯಾವುದಾದರೂ ನಡೆದ ದಿನ ಅಲ್ಲೊಂದು ಪ್ರಶ್ನೆ ಗುರುತು. ತವರಿನಲ್ಲಿ ಬರೆಯುತ್ತಿದ್ದ ಹಳೆಯ ಪುಸ್ತಕದಲ್ಲಿ ವಾರಕ್ಕೆ ಒಂದೋ ಎರಡೋ ಬೀಳುತ್ತಿದ್ದವು. ಮದುವೆಯಾದ ಮೊದಲ ತಿಂಗಳಲ್ಲೇ ಇಪ್ಪತ್ತಾರು ಬಿದ್ದವು. ಉಳಿದ ನಾಲ್ಕು ದಿನ ನಾನು ಜ್ವರದಿಂದ ಮಲಗಿದ್ದೆ.

ಕ್ರಯಪತ್ರ ಒಲೆಯ ಮೇಲಿದ್ದರೆ ಉಳಿದ ಕಾಗದಗಳು ಎಲ್ಲಿರಬಹುದು? ನನ್ನಂಥವಳಿಗೆ ಇದು ತಲೆಗೆ ಹೊಕ್ಕರೆ ಊಟ ಸೇರುವುದಿಲ್ಲ. ಕಸ ಗುಡಿಸುವಾಗ, ದೀಪ ಹಚ್ಚುವಾಗ, ಹಾಸಿಗೆ ಸುತ್ತುವಾಗ ಕಣ್ಣಿಟ್ಟು ನೋಡಿ ಪಟ್ಟಿ ಮಾಡಿದೆ. ಯುಗಾದಿಯ ಹೊತ್ತಿಗೆ ಅರವತ್ತಮೂರು ಕಾಗದ, ಹತ್ತೊಂಬತ್ತು ಜಾಗ ಸಿಕ್ಕವು. ಎತ್ತು ಕೊಂಡ ಚೀಟಿ ಕೊಟ್ಟಿಗೆಯ ಸೂರಿನಲ್ಲಿ, ಹಳೆಯ ಗಂಟೆಯ ಹಗ್ಗಕ್ಕೆ ಸುತ್ತಿಕೊಂಡು. ಸೀಮೆಣ್ಣೆ ತರುವ ಕಾರ್ಡು ಬುಡ್ಡಿ ಇಡುವ ಗೋಡೆಯ ಗೂಡಿನಲ್ಲಿ. ದಾಯಾದಿಗಳ ಜೊತೆ ಬಾವಿಯ ನೀರಿನ ಸರದಿ ಬರೆದುಕೊಂಡ ಪತ್ರ, ಮೂಲೆಗೆ ಒರಗಿಸಿದ್ದ ಹಳೆಯ ರಾಟೆಯ ಸಂದಿಯಲ್ಲಿ. ರಾಗಿ ಅಳೆಯುವ ಹಿತ್ತಾಳೆ ಸೇರನ್ನು ಅತ್ತೆ ಯಾವಾಗಲೂ ಬೋರಲು ಹಾಕಿರುತ್ತಿದ್ದರು. ಎತ್ತಿ ನೋಡಿದರೆ ಕೆಳಗೆ ಲೆವಿ ರಸೀದಿ. ಬೆಳೆದ ರಾಗಿಯಲ್ಲಿ ಇಷ್ಟು ಪಾಲು ಸರ್ಕಾರಕ್ಕೆ ಅಳೆದು ಕೊಡಬೇಕಲ್ಲ, ಕೊಟ್ಟಾಗಿದೆ ಎಂಬುದಕ್ಕೆ ಅವರು ಕೊಡುವ ನೇರಳೆ ಮೊಹರಿನ ಚೀಟಿ ಅದು. ಎಲ್ಲಕ್ಕಿಂತ ನನ್ನನ್ನು ತಬ್ಬಿಬ್ಬು ಮಾಡಿದ್ದು ತೊಟ್ಟಿಲು. ಅಟ್ಟದ ಮೇಲೆ ಕಟ್ಟಿಟ್ಟಿದ್ದ ಅದರೊಳಗಿನ ಬಟ್ಟೆಯ ಮಡಿಕೆಯಲ್ಲಿ, ಮಗುವಿಗೆ ಸಿಡುಬು ಬಾರದಂತೆ ದೇವಿ ಹಾಕಿಸಿದ ಚೀಟಿಯೊಂದಿತ್ತು. ಮಗುವಿನ ಹೆಸರು ನಾನು ಬಾಯಿಬಿಟ್ಟು ಹೇಳಬಾರದ ಹೆಸರು. ಇಪ್ಪತ್ತನಾಲ್ಕು ವರ್ಷದ ಮೀಸೆ ಬಂದ ಗಂಡಸಿನ ಕಾಗದ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು.

ಅತ್ತೆಗೆ ಅಕ್ಷರ ಬಾರದು. ಆದರೂ ಅವರು ಯಾವ ಕಾಗದವನ್ನೂ ಹುಡುಕಿದ್ದನ್ನು ನಾನು ಕಾಣೆ. ಮಾವನವರು ಜಗಲಿಯಿಂದ "ಏ, ಎತ್ತಿನ ಚೀಟಿ ತಾ" ಎಂದು ಕೂಗುತ್ತಿದ್ದರು. ಅತ್ತೆ ಸೊಪ್ಪು ಸೋಸುತ್ತಿದ್ದವರು ಎದ್ದು ಹೋಗಿ ತರುತ್ತಿದ್ದರು. ಒಮ್ಮೆ ಮನಸ್ಸಿನಲ್ಲೇ ಎಣಿಸಿದೆ. ನಾನು ಇಪ್ಪತ್ತೆಂಟು ಎನ್ನುವಷ್ಟರಲ್ಲಿ ಚೀಟಿ ಮಾವನವರ ಕೈಯಲ್ಲಿತ್ತು. ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಸರಿಮಾಡಲು ನೀನು ಯಾಕೆ ಹೋದೆ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಕೇಳಿದರು. ಆಗ ನನ್ನ ಹತ್ತಿರ ಬಹಳ ಒಳ್ಳೆಯ ಉತ್ತರವೊಂದಿತ್ತು. ಈಗ ಮರೆತುಹೋಗಿದೆ.

ಯುಗಾದಿಗೆ ಏನು ಬೇಕು ಎಂದು ಅವರು ಕೇಳಿದಾಗ ನಾನು ಡೆಸ್ಕು ಎಂದೆ. ಬಳೆಯೋ ರವಿಕೆ ಕಣವೋ ಕೇಳುತ್ತಾಳೆಂದು ಕಾದಿದ್ದವರು, "ಮೇಷ್ಟ್ರ ಮಗಳನ್ನ ಮಾಡ್ಕೊಂಡ್ರೆ ಹಿಂಗೇ" ಎಂದು ಆಚಾರಿಗೆ ಹೇಳಿಕಳಿಸಿದರು. ಮೇಜು ಕುರ್ಚಿಯ ಮಾತೇ ಇರಲಿಲ್ಲ. ಮಾವನವರು ಚಾಪೆಯ ಮೇಲೆ ಕೂರುವ ಮನೆಯಲ್ಲಿ ಸೊಸೆ ಕುರ್ಚಿಯ ಮೇಲೆ ಕೂರುವುದುಂಟೆ? ನನಗೆ ಬೇಕಾಗಿದ್ದದ್ದು ನೆಲದ ಮೇಲೆ ಕೂತು ಬರೆಯುವ ಗಿಡ್ಡ ಡೆಸ್ಕು, ಶಾನುಭೋಗರ ಮನೆಯಲ್ಲಿರುತ್ತದಲ್ಲ, ಮುಂದಕ್ಕೆ ಇಳಿಜಾರಾಗಿ. ಅದರ ಹಿಂಬದಿಗೆ ಮೂರು ಸಾಲು, ಸಾಲಿಗೆ ನಾಲ್ಕರಂತೆ ಹನ್ನೆರಡು ಗೂಡು. ಒಳ್ಳೆಯ ಮರ ಸಿಗದೆ ಆಚಾರಿ ಸೀಮೆಣ್ಣೆ ಡಬ್ಬ ತುಂಬಿ ಬರುವ ಪೆಟ್ಟಿಗೆಗಳ ಹಲಗೆಯಲ್ಲೇ ಗೂಡು ಕೂಡಿಸಿದ.

"ಏನವ್ವಾ ಇದು, ಪಾರಿವಾಳ ಸಾಕ್ತೀರಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮುಂಚೆ ಮಾವನವರು ಜಗಲಿಯಿಂದಲೇ, "ಪಾರಿವಾಳ ಅಲ್ಲ ಕಣಪ್ಪಾ, ನಮ್ಮ ಸೊಸೆ ಕಾಗದ ಸಾಕ್ತಾಳೆ. ಮರಿ ಹಾಕಿದ್ರೆ ನಿಂಗೂ ಒಂದು ಕೊಡ್ತೀವಿ ಬಿಡು" ಅಂದರು.

ಡೆಸ್ಕು ಬಂತು. ಇಡುವುದೆಲ್ಲಿ? ಕಿಟಕಿಯ ಕೆಳಗೆ ಬೆಳಕಿದೆ, ಎರಚಲೂ ಇದೆ. ಕಾಳು ತುಂಬಿಡುವ ವಾಡೆಗಳ ಪಕ್ಕ ನೆರಳಿದೆ, ಇಲಿಯೂ ಇದೆ. ದೇವರ ಮೂಲೆಯ ಹತ್ತಿರ ಇಟ್ಟರೆ ಮೀಯುವ ಮುಂಚೆ ನಾನು ಆ ಕಡೆ ಸುಳಿಯುವ ಹಾಗಿಲ್ಲ. ನಾಲ್ಕು ದಿನದಲ್ಲಿ ಐದು ಸಲ ಜಾಗ ಬದಲಾಯಿಸಿ ಕಡೆಗೆ ನಡುಮನೆಯ ಮಣ್ಣಿನ ಗೋಡೆಗೆ ಒರಗಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಂದೇ ಮಾತು ಹೇಳಿದರು.

"ಹತ್ತು ಕಡೆ ಇದ್ರೆ ಗೆದ್ದಲು ಹತ್ತು ಕಡೆ ಅಲೀಬೇಕು. ನೀನು ಅದಕ್ಕೂ ಕೆಲಸ ಹಗುರ ಮಾಡಿದೆ."

ಹಾಗಂದವರೇ ನಾಲ್ಕು ತೆಂಗಿನ ಚಿಪ್ಪಿಗೆ ಬೂದಿ ತುಂಬಿ ತಂದು ಡೆಸ್ಕಿನ ನಾಲ್ಕು ಕಾಲಿಗೂ ಕೊಟ್ಟರು. ಅವರು ನನ್ನ ಡೆಸ್ಕಿಗೆ ಪರವೋ ವಿರೋಧವೋ ತಿಳಿಯಲಿಲ್ಲ. ಆ ದಿನದ ಷರಾದಲ್ಲಿ ಎರಡು ಗುರುತಿವೆ.

ಅರವತ್ತಮೂರು ಕಾಗದಗಳನ್ನೂ ಅವುಗಳ ಜಾಗದಿಂದ ಎಬ್ಬಿಸಿ ತಂದೆ. ಗೂಡುಗಳಿಗೆ ಹೆಸರು ಬರೆದು ಅಂಟಿಸಿದೆ: ಮನೆ, ಜಮೀನು, ದನಕರು, ಬೆಳೆ, ಸರ್ಕಾರ, ರಸೀದಿ, ಪತ್ರ, ಮದುವೆ, ಹೀಗೆ. ಅತ್ತೆ ಒಂದೊಂದರ ಮೇಲೂ ಬೆರಳಿಟ್ಟು ಇದೇನು, ಇದೇನು ಎಂದು ಕೇಳಿದರು. ನಾನು ಓದಿ ಹೇಳುತ್ತಾ ಹೋದೆ. ಹನ್ನೆರಡನೆಯದರಲ್ಲಿ "ಮರಣ" ಎಂದು ಓದಿದ್ದೇ ತಡ, ಅವರು ಬೆರಳನ್ನು ಬೆಂಕಿ ಮುಟ್ಟಿದ ಹಾಗೆ ಎಳೆದುಕೊಂಡರು.

"ಸಾವಿನ ಕಾಗದಕ್ಕೆ ಮನೇಲಿ ಗೂಡು ಕಟ್ತಾರೇನೇ? ಬಂದಿದ್ದನ್ನ ಹೊಸಿಲಾಚೆ ಓದಿ, ಅಲ್ಲೇ ಹರಿದು, ಕಾಲು ತೊಳ್ಕೊಂಡು ಒಳಗೆ ಬರೋದು. ಕೆರಿ, ಮೊದಲು ಅದನ್ನ ಕೆರಿ!"

ನನಗೆ ಗೊತ್ತಿರದ ಪದ್ಧತಿಯೇನಲ್ಲ. ನಮ್ಮ ತವರಲ್ಲೂ ಹಾಗೇ. ಆದರೆ ಎಲ್ಲಕ್ಕೂ ಒಂದು ಗೂಡಿರಬೇಕು ಎಂದು ಹೊರಟವಳಿಗೆ ಅದು ನೆನಪಾಗಬೇಕಲ್ಲ! ಚಾಕುವಿನಿಂದ ಕೆರೆದು ಆ ಜಾಗದಲ್ಲಿ "ಇತರೆ" ಎಂದು ಬರೆದೆ. ಅದೇ ನನ್ನ ಕಷ್ಟಕ್ಕೆ ಮೊದಲಾಯಿತು.

ಕಾಗದಗಳನ್ನು ವಿಂಗಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಎಂದುಕೊಂಡಿದ್ದೆ. ಅಲ್ಲಿ ಅಕ್ಕಿ ಅಕ್ಕಿಯಾಗಿರುತ್ತದೆ, ಕಲ್ಲು ಕಲ್ಲಾಗಿರುತ್ತದೆ. ಕಾಗದ ಹಾಗಲ್ಲ. ದೊಡ್ಡಬಳ್ಳಾಪುರದಲ್ಲಿರುವ ನಾದಿನಿಯ ಒಂದು ಕಾರ್ಡು ನೋಡಿ: ಹಸು ಹೆಣ್ಣುಗರು ಹಾಕಿದೆ, ನಮ್ಮವರು ಎರಡನೇ ಮಗ್ಗ ಹೂಡಿದ್ದಾರೆ, ಚಿಕ್ಕವನಿಗೆ ಕೆಮ್ಮು, ಮೈದುನನಿಗೆ ಹೆಣ್ಣು ಗೊತ್ತಾಗಿದೆ. ನಾಲ್ಕು ಮೂಲೆಗೂ ಅರಿಶಿನ. ಇದು ದನಕರುವೋ, ಪತ್ರವೋ, ಮದುವೆಯೋ? ಅರಿಶಿನ ನೋಡಿ ಮದುವೆಯ ಗೂಡಿಗೆ ಹಾಕಿದೆ. ಮಾರನೆಯ ದಿನ ಹಸುವಿನ ನೆನಪಾಗಿ ಕೆಟ್ಟದೆನಿಸಿತು. ಲೆವಿ ರಸೀದಿಯಂತೂ ನನ್ನನ್ನು ಅತ್ತಿಂದಿತ್ತ ಓಡಾಡಿಸಿಬಿಟ್ಟಿತು. ಸರ್ಕಾರದ್ದು ನಿಜ, ಬೆಳೆಯದೂ ನಿಜ, ರಸೀದಿ ಎಂದು ಅದರ ಹಣೆಯ ಮೇಲೇ ಬರೆದಿದೆ. ನನ್ನ ದಿನಚರಿಯಲ್ಲಿ ಆ ವಾರ ಹೀಗಿದೆ: "ಲೆವಿ ರಸೀದಿ. ಸೋಮವಾರ, ಸರ್ಕಾರ. ಮಂಗಳವಾರ, ಬೆಳೆ. ಬುಧವಾರ, ರಸೀದಿ. ಗುರುವಾರ, ?"

ನಮ್ಮೂರ ಕೆರೆಯ ಏರಿಯ ಕೆಳಗೆ ಗದ್ದೆಯ ಬದುವಿನಲ್ಲಿ ಒಂದು ಶಾಸನದ ಕಲ್ಲಿದೆ. ಮೇಲೆ ಸೂರ್ಯಚಂದ್ರರು, ಕೆಳಗೆ ಸವೆದ ಅಕ್ಷರ. ಯಾವ ಕಾಲದ ದೊರೆಯೋ, ಯಾರಿಗೋ, ಆ ಗದ್ದೆಯನ್ನು ಕೊಟ್ಟದ್ದು. ಈ ಗೊಂದಲದ ದಿನಗಳಲ್ಲಿ ಬಟ್ಟೆ ಒಗೆಯಲು ಹೋದಾಗೆಲ್ಲ ಅದನ್ನು ನೋಡುತ್ತಾ ನಿಂತುಬಿಡುತ್ತಿದ್ದೆ. ಹಿಂದಿನವರು ಗದ್ದೆಯ ಪತ್ರವನ್ನು ಗದ್ದೆಯಲ್ಲೇ ನೆಟ್ಟರು. ಕೆರೆಯ ಪತ್ರ ಕೆರೆಯ ತೂಬಿನ ಹತ್ತಿರ, ಗುಡಿಯ ಪತ್ರ ಗುಡಿಯ ಗೋಡೆಯ ಮೇಲೆ. ಊರಿನ ಕಲ್ಲುಗಳನ್ನೆಲ್ಲ ಹೊತ್ತು ತಂದು ಒಂದು ಕೋಣೆಯಲ್ಲಿ ಸಾಲಾಗಿ ಜೋಡಿಸೋಣ ಎಂದು ಯಾವ ದೊರೆಯ ಸೊಸೆಗೂ ತೋಚಲಿಲ್ಲ. ನಮ್ಮ ಅತ್ತೆ ಮಾಡುತ್ತಿದ್ದದ್ದೂ ದೊರೆಗಳು ಮಾಡಿದ್ದೇ ಎಂದು ಹೊಳೆದಾಗ ಒಗೆಯುವ ಸೀರೆ ನೀರಿನಲ್ಲಿ ಅರ್ಧ ದೂರ ಹೋಗಿತ್ತು. ಇಂಥ ಕಲ್ಲುಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆಂದು ಅಪ್ಪ ಹೇಳುತ್ತಿದ್ದರು. ಇದನ್ನು ಅಳಿಸಿದವರು ಅರವತ್ತು ಸಾವಿರ ವರ್ಷ ಕೊಳಕಿನಲ್ಲಿ ಹುಳುವಾಗಿ ಹುಟ್ಟುತ್ತಾರಂತೆ. ನಾನು ಕದಲಿಸಿದ್ದು ಅರವತ್ತಮೂರು. ಗುಣಿಸಿ ನೋಡಿ ಸುಮ್ಮನಾದೆ.

ಶಾಪ ತಟ್ಟಿದ್ದು ಮಾತ್ರ ನನಗಲ್ಲ, ಅತ್ತೆಗೆ. ಡೆಸ್ಕು ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು. ಒಲೆಯ ಮುಂದೆ ನಿಂತು ಕೈ ಮೇಲಕ್ಕೆತ್ತುವರು, ಹಲಗೆ ಬರಿದಾಗಿದೆ ಎಂದು ನೆನಪಾಗಿ ಇಳಿಸುವರು. ಮಾವನವರು ಏನಾದರೂ ಕೇಳಿದರೆ ಮೊದಲಿನ ಹಾಗೆ ಏಳುವರು, ಎರಡು ಹೆಜ್ಜೆ ಇಡುವರು, ಆಮೇಲೆ ನನ್ನ ಕಡೆ ತಿರುಗುವರು. "ಎಲ್ಲಿ ಮಡಗಿದ್ದೀಯ?" ಎಂದು ಅವರು ನನ್ನನ್ನು ಒಂದು ವಾರದಲ್ಲಿ ಹನ್ನೊಂದು ಸಲ ಕೇಳಿದ ಲೆಕ್ಕವಿದೆ. ಅದಕ್ಕೂ ಹಿಂದೆ ಈ ಮನೆಯಲ್ಲಿ ಆ ಪ್ರಶ್ನೆ ಕೇಳುವವರು ಬೇರೆಯವರು, ಉತ್ತರ ಹೇಳುವವರು ಅತ್ತೆ. ಒಂದು ಮಧ್ಯಾಹ್ನ ಅವರು ಅವರೆಕಾಳು ಸುಲಿಯುತ್ತಾ, ನನಗಲ್ಲ, ಕಾಳಿಗೆ ಹೇಳಿದ ಹಾಗೆ ಹೇಳಿದರು: "ಮೂವತ್ತು ವರ್ಷ ಆಯ್ತು ಈ ಮನೆಗೆ ಬಂದು. ಈಗ ನೆಂಟರ ಮನೇಲಿ ಇದ್ದಂಗೈತೆ." ನಾನು ಡೆಸ್ಕು ಕೇಳಿದ್ದು ಮನೆಯನ್ನು ಅಣಿಮಾಡಲು. ಅತ್ತೆಯಿಂದ ಮನೆಯನ್ನು ಕಿತ್ತುಕೊಳ್ಳಲು ಅಲ್ಲ. ಎರಡೂ ಒಂದೇ ಕೆಲಸದಿಂದ ಹೇಗೆ ಆಯಿತೋ! ಷರಾ ನೋಡಿ.

ಹೀಗಿರುವಾಗ ವೈಶಾಖದ ಹುಣ್ಣಿಮೆ ಕಳೆದ ಎರಡನೆಯ ದಿನ ಲೆವಿ ಗುಮಾಸ್ತರು ಬಂದರು.

ಆ ದಿನ ಮಾವನವರೂ ಇವರೂ ಕೋಳಿ ಕೂಗುವ ಹೊತ್ತಿಗೇ ರೇಷ್ಮೆಗೂಡು ಹೇರಿಕೊಂಡು ದೇವನಹಳ್ಳಿ ಪಕ್ಕದ ವಿಜಯಪುರಕ್ಕೆ ಹೋಗಿದ್ದರು. ನಾನು ಹಿಂದಿನ ದಿನದಿಂದ ಹೊರಗಿದ್ದೆ. ಹೆಂಗಸರಿಗೆ ಇಷ್ಟು ಹೇಳಿದರೆ ಸಾಕು. ತಿಳಿಯದ ಗಂಡಸರು ಮನೆಯಲ್ಲಿ ಕೇಳಿ ತಿಳಿದುಕೊಳ್ಳಬಹುದು. ತಿಂಗಳ ಆ ಮೂರು ದಿನ ನನ್ನ ಚಾಪೆ, ಚೆಂಬು, ದಿನಚರಿ ಎಲ್ಲ ಹಿತ್ತಲ ಜಗಲಿಯ ಮೇಲೆ. ಒಳಗೆ ಕಾಲಿಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ದಿನಚರಿಯಲ್ಲಿ ಆ ದಿನಗಳ ಮನೆಯಲ್ಲಿ ಒಂದೊಂದು ಚುಕ್ಕೆ ಇಡುತ್ತೇನೆ. ಎರಡನೆಯ ಚುಕ್ಕೆ ಇಡುತ್ತಿದ್ದಾಗ ಬೀದಿಬಾಗಿಲಲ್ಲಿ ತಳವಾರನ ಕೆಮ್ಮು ಕೇಳಿತು.

ಗುಮಾಸ್ತರು ಕೆಟ್ಟವರಲ್ಲ. ಅತ್ತೆ ಕೊಟ್ಟ ಮಜ್ಜಿಗೆ ಕುಡಿದು, ಬಿಸಿಲನ್ನು ಬೈದು, ಆಮೇಲೆ ವಿಷಯಕ್ಕೆ ಬಂದರು.

"ರಾಗಿ ಲೆವಿ ಕೊಟ್ಟ ರಸೀದಿ ತೋರಿಸಮ್ಮ. ನಮ್ಮ ಪುಸ್ತಕದಲ್ಲಿ ನಿಮ್ಮ ಮನೆಗೆ ಗುರುತು ಬಿದ್ದಿಲ್ಲ. ರಸೀದಿ ಇದ್ದರೆ ಈಗಲೇ ಹಾಕಿಕೊಂಡು ಹೋಗ್ತೀನಿ. ಇಲ್ಲದಿದ್ದರೆ ಹಗೇವಿನ ಬಾಯಿಗೆ ಮೊಹರು. ಯಜಮಾನರು ದೇವನಹಳ್ಳಿ ಕಚೇರಿಗೆ ಬಂದು ಬಿಡಿಸಿಕೊಳ್ಳಲಿ."

ಹಗೇವೆಂದರೆ ಅಂಗಳದಲ್ಲಿ ಆಳವಾಗಿ ತೋಡಿ ರಾಗಿ ತುಂಬಿ ಕಲ್ಲು ಮುಚ್ಚಿದ ಗುಂಡಿ. ಬರುವ ಸುಗ್ಗಿಯವರೆಗಿನ ನಮ್ಮ ಮುದ್ದೆಯೆಲ್ಲ ಅದರಲ್ಲಿತ್ತು. ಒಳಗೆ ಮಡಕೆಯಲ್ಲಿದ್ದ ಹಿಟ್ಟು ನಾಲ್ಕು ದಿನಕ್ಕೆ ಬರುವಷ್ಟು. ಒಮ್ಮೆ ಮೊಹರು ಬಿದ್ದರೆ ಬಿಡಿಸಿಕೊಳ್ಳಲು ಎಷ್ಟು ದಿನ ಓಡಾಡಬೇಕಾಗುತ್ತದೆಂದು ಪಕ್ಕದ ಊರಿನವರ ಕಥೆ ಕೇಳಿ ಎಲ್ಲರಿಗೂ ಗೊತ್ತಿತ್ತು.

ಆಗ ಒಳಗೆ ಒಂದು ಸದ್ದಾಯಿತು. ಹಿತ್ತಾಳೆಯ ಸೇರನ್ನು ಎತ್ತಿದ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಕೆಳಗಿಟ್ಟ ಸದ್ದು. ಅತ್ತೆ ಮರೆತು ಮೊದಲಿನ ಜಾಗಕ್ಕೇ ಹೋಗಿದ್ದರು. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಹಿತ್ತಲ ಬಾಗಿಲಿಗೆ ಬಂದರು. "ಎಲ್ಲಿ ಮಡಗಿದ್ದೀಯೇ?"

ನಾನು ಧೈರ್ಯವಾಗಿಯೇ ದಿನಚರಿ ತೆರೆದೆ. ನನ್ನಲ್ಲಿ ಲೆಕ್ಕವಿಲ್ಲದ್ದು ಯಾವುದಿದೆ? ಸೋಮವಾರ, ಸರ್ಕಾರ. ಮಂಗಳವಾರ, ಬೆಳೆ. ಬುಧವಾರ, ರಸೀದಿ. ಗುರುವಾರದ ಮುಂದೆ ಆ ಕೊಂಡಿಯಂಥ ಗುರುತು ನನ್ನನ್ನೇ ನೋಡುತ್ತಿತ್ತು. ಅದರ ಮುಂದಿನ ದಿನಗಳಲ್ಲಿ ಆ ರಸೀದಿಯ ಸುದ್ದಿಯೇ ಇಲ್ಲ.

"ನಡುವಿನ ಸಾಲು ಅತ್ತೆ, ನಿಮ್ಮ ಎಡಗೈಯಿಂದ ಮೊದಲನೇದು, ಸರ್ಕಾರದ್ದು" ಎಂದೆ. ಅವರು ಹಿಡಿ ತುಂಬ ತಂದು ಬಾಗಿಲ ಆಚೆ ನಿಂತು ಒಂದೊಂದನ್ನೇ ಬಿಡಿಸಿ ಹಿಡಿದರು. ನಾನು ಎರಡು ಮಾರು ದೂರದಿಂದ ಕತ್ತು ಚಾಚಿ ಓದಿದೆ.

"ಇದಾ?"

"ಅಲ್ಲ ಅತ್ತೆ, ಅದು ಜಮೀನಿಂದು."

"ಇದಾ?"

"ಅದು ನಾದಿನಿಯವರದು, ಹಸು ಕರು ಹಾಕಿದ್ದು."

"ಹಸು ಕರು ಹಾಕಿದ್ದು ಸರ್ಕಾರಕ್ಕೆ ಯಾಕೆ ಮಡಗಿದ್ದೀಯ?"

ಅದನ್ನು ಅಲ್ಲಿಗೆ ಯಾವಾಗ ಹಾಕಿದೆನೋ ನನಗೂ ತಿಳಿಯಲಿಲ್ಲ. ಕೆಳಗಿನ ಸಾಲು ನೋಡಿ ಎಂದೆ, ಮೇಲಿನದು ಎಂದೆ, ಮತ್ತೆ ನಡುವಿನದು ಎಂದೆ. ಅತ್ತೆ ಹೋದರು, ಬಂದರು, ಮತ್ತೆ ಹೋದರು. ಏಳು ಸಲ ನಡುಮನೆಗೂ ಹಿತ್ತಲಿಗೂ ಓಡಾಡಿದ ಮೇಲೆ ಬೀದಿಯ ಕಡೆಯಿಂದ ಗುಮಾಸ್ತರ ದನಿ ಬಂತು: "ಆಯ್ತೇನಮ್ಮಾ?" ಅದಕ್ಕೆ ತಳವಾರ, "ಹುಡುಕ್ತಾವ್ರೆ ಸ್ವಾಮಿ. ಕಣ್ಣು ಹೊರಗೈತೆ, ಕೈ ಒಳಗೈತೆ. ಹೊತ್ತಾಯ್ತದೆ" ಎಂದ. ನನಗೆ ಅಳು ಬಂತು.

"ಅತ್ತೆ, ನಂಗೆ ಗೊತ್ತಾಗ್ತಿಲ್ಲ."

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, "ಗೊತ್ತಾಗ್ತಿಲ್ಲ ಅಂತ ಮೊದಲೇ ಹೇಳೋದಲ್ವಾ? ಸುಮ್ನೆ ಎಡಗೈ ಬಲಗೈ ಅಂತ ಕುಣಿಸ್ದೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ದಿನದ ಮೇಲೆ ಅವರ ಹಳೆಯ ದನಿ ಅದು.

ಹಿತ್ತಲ ಬಾಗಿಲಿನಿಂದ ನಡುಮನೆ ನೇರವಾಗಿ ಕಾಣುತ್ತದೆ. ಅತ್ತೆ ಹನ್ನೆರಡು ಗೂಡುಗಳನ್ನೂ ಬರಿದು ಮಾಡಿ ಕಾಗದಗಳನ್ನೆಲ್ಲ ನೆಲದ ಮೇಲೆ ರಾಶಿ ಹಾಕಿದರು. ನನ್ನ ಒಂದೂವರೆ ತಿಂಗಳ ಕೆಲಸ ಒಂದು ಕ್ಷಣದಲ್ಲಿ ಹೋಯಿತು. ಒಂದು ಕಾಗದ ತೆಗೆದು ಮೂಸಿದರು, ಮುಖ ಸಿಂಡರಿಸಿದರು. "ನಿನ್ನ ಪೆಟ್ಟಿಗೆ ಎಲ್ಲಾದಕ್ಕೂ ಸೀಮೆಣ್ಣೆ ವಾಸನೆ ಹತ್ತಿಸೈತೆ." ಸ್ವಲ್ಪ ಹೊತ್ತು ಕೂತು ಯೋಚಿಸಿದರು. ಆಮೇಲೆ ಎದ್ದು ಹೋಗಿ ಮೊರ ತಂದರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕಾಗದವನ್ನು ಅದರ ಮೇಲೆ ಹಿಡಿದು, ಮಡಿಕೆ ಬಿಡಿಸಿ, ಸೊಪ್ಪಿನ ಮಣ್ಣು ಉದುರಿಸುವ ಹಾಗೆ ಒದರತೊಡಗಿದರು. ಒಂದರಿಂದ ಮಸಿ ಉದುರಿತು. ಅದು ಒಲೆಯ ಮೇಲಿದ್ದದ್ದು. ಒಂದರಿಂದ ಒಣಗಿದ ಹುಲ್ಲಿನ ಚೂರು ಉದುರಿತು. ಅದು ಎತ್ತಿನದು. ಒದರಿದರು, ಪಕ್ಕಕ್ಕಿಟ್ಟರು, ಒದರಿದರು. ನಾನು ಎಣಿಸುತ್ತಿದ್ದೆ. ಮೂವತ್ತನಾಲ್ಕನೆಯದರಿಂದ ಮೊರದೊಳಕ್ಕೆ ಟಿಕ್ ಟಿಕ್ ಎಂದು ಮೂರು ಕಾಳು ರಾಗಿ ಬಿದ್ದವು.

ಅತ್ತೆ ಅದನ್ನು ನನಗೆ ತೋರಿಸಿ ಕೇಳುತ್ತಾರೆಂದು ನಾನು ಕತ್ತು ಚಾಚಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಸೆರಗು ಸರಿಮಾಡಿಕೊಂಡು ಕಾಗದ ಹಿಡಿದು ನೇರವಾಗಿ ಬೀದಿಬಾಗಿಲಿಗೆ ಹೋದರು.

"ತಗೊಳ್ಳಿ ಸ್ವಾಮಿ, ಗುರುತು ಹಾಕ್ಕೊಳ್ಳಿ."

ಗುಮಾಸ್ತರು ಓದಿದರು, ಪುಸ್ತಕದಲ್ಲಿ ಗೀರು ಹಾಕಿದರು, ಇನ್ನೊಂದು ಲೋಟ ಮಜ್ಜಿಗೆ ಕುಡಿದು ಹೋದರು. ಅತ್ತೆ ಹಿತ್ತಲಿಗೆ ಬಂದು ನನ್ನಿಂದ ದೂರದಲ್ಲಿ ಕಲ್ಲಿನ ಮೇಲೆ ಕೂತರು. "ಇನ್ನು ಮೇಲೆ ಕಾಗದ ಮಡಗೋವಾಗ ಒಂದು ಹಿಡಿ ರಾಗೀನೂ ಹಾಕು" ಎಂದು ನಕ್ಕರು. ನಾನೂ ನಕ್ಕೆ. ಸೋತದ್ದು ನಾನು. ಆದರೂ ಎದೆ ಹಗುರಾಗಿತ್ತು. ಯಾಕೆಂದು ಗೊತ್ತಿಲ್ಲ. ಆ ರಸೀದಿ ಹನ್ನೆರಡರಲ್ಲಿ ಯಾವ ಗೂಡಿನಲ್ಲಿತ್ತು ಎಂಬುದೂ ಇನ್ನು ಎಂದೆಂದಿಗೂ ಗೊತ್ತಾಗುವುದಿಲ್ಲ. ಗುರುವಾರದ ಗುರುತು ಹಾಗೇ ಇದೆ.

ನಾಲ್ಕನೆಯ ದಿನ ತಲೆಗೆ ನೀರೆರೆದುಕೊಂಡು ಒಳಗೆ ಬಂದಾಗ ಡೆಸ್ಕಿನ ಮುಂದೆ ನಿಂತು ಬೆರಗಾದೆ. ಅತ್ತೆ ಕಾಗದಗಳನ್ನೆಲ್ಲ ಮತ್ತೆ ಗೂಡುಗಳಿಗೆ ತುಂಬಿದ್ದರು, ತಮ್ಮ ಮನಸ್ಸಿಗೆ ಬಂದ ಹಾಗೆ. ನನ್ನ ಅಕ್ಷರಗಳನ್ನು ಕಿತ್ತಿರಲಿಲ್ಲ. ಅವುಗಳ ಪಕ್ಕದಲ್ಲಿ ಗಂಜಿ ಹಚ್ಚಿ ತಮ್ಮ ಗುರುತು ಅಂಟಿಸಿದ್ದರು. ಒಂದಕ್ಕೆ ರಾಗಿ ತೆನೆಯ ಚೂರು, ಒಂದಕ್ಕೆ ಗಂಟೆಯ ಹಗ್ಗದ ಎಳೆ. ಮನೆಯ ಗೂಡಿಗೆ ಇದ್ದಲಿನ ಬೊಟ್ಟು. ಮದುವೆಯದಕ್ಕೆ ಅರಿಶಿನ. ಹನ್ನೆರಡನೆಯದು, ನನ್ನ "ಇತರೆ", ಬರಿದಾಗಿತ್ತು.

"ಇದಕ್ಕೆ ಏನೂ ಅಂಟಿಸಿಲ್ವಲ್ಲ ಅತ್ತೆ?"

"ಅದು ನಿನ್ನ ಗೂಡು ಕಣೆ. ನಿಂಗೆ ಗೊತ್ತಾಗದೇ ಇರೋದನ್ನೆಲ್ಲಾ ಅದರಲ್ಲಿ ಹಾಕ್ಕೋ. ಅದಕ್ಕೂ ಒಂದು ಜಾಗ ಬೇಕಲ್ಲ."

ಮಾವನವರು ಹಿಂದೆ ಬಂದು ನಿಂತು ನೋಡಿ, "ಪಾರಿವಾಳದ ಗೂಡಿಗೆ ಕಾಳೂ ಬಂತು" ಎಂದು ಹೇಳಿ ಹೋದರು. ಅಂದಿನಿಂದ ಮಾವನವರು ಕೂಗಿದರೆ ಅತ್ತೆಯೇ ಏಳುತ್ತಾರೆ. ಎಣಿಸಿದ್ದೇನೆ. ಕೊಟ್ಟಿಗೆಯವರೆಗೆ ಹೋಗುವ ಕೆಲಸವಿಲ್ಲದ್ದರಿಂದ ಈಗ ಹದಿನಾಲ್ಕು ಎನ್ನುವಷ್ಟರಲ್ಲಿ ತರುತ್ತಾರೆ. ಡೆಸ್ಕಿನ ಮೇಲೆ ಅವರ ಕುಂಕುಮದ ಭರಣಿಯೂ ಬಂದು ಕೂತಿದೆ. ಅದಕ್ಕೂ ಮನೆಯ ಕಾಗದಪತ್ರಕ್ಕೂ ಏನು ಸಂಬಂಧ ಎಂದು ನಾನು ಕೇಳಲು ಹೋಗಿಲ್ಲ.

ಮೊದಲ ವರ್ಷದ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದಷ್ಟೆ. ಜ್ಯೇಷ್ಠದ ಅಮಾವಾಸ್ಯೆಗೆ ಮೂರು ದಿನ ಉಳಿದಿರುವಾಗ ನಾನು ತವರಿಗೆ ಹೊರಡಲು ಗಂಟು ಕಟ್ಟಿದೆ. ಹೋಗುವ ಮುಂಚೆ ಕಾಗದಗಳನ್ನು ಎಣಿಸಿ ಅತ್ತೆಗೆ ಒಪ್ಪಿಸಿ ಹೋಗಬೇಕು, ಇಲ್ಲದಿದ್ದರೆ ತಿಂಗಳೆಲ್ಲ ನನಗೆ ನಿದ್ದೆ ಬಾರದು. ಎಣಿಸಿದೆ: ಅರವತ್ತೆರಡು. ಮತ್ತೆ ಎಣಿಸಿದೆ: ಅರವತ್ತೆರಡು. ಪಟ್ಟಿ ಹಿಡಿದು ಒಂದೊಂದಕ್ಕೂ ಗೀರು ಹಾಕುತ್ತಾ ಬಂದೆ. ಕೊನೆಗೆ ಉಳಿದದ್ದು ದೇವಿ ಹಾಕಿಸಿದ ಚೀಟಿ.

ಕೇಳೋಣವೆಂದು ಅತ್ತೆಯನ್ನು ಹುಡುಕಿದೆ. ಹಿತ್ತಲಲ್ಲಿದ್ದರು. ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ, ಧೂಳು ಒರೆಸಿ, ಬಿಸಿಲಿಗಿಟ್ಟು, ಅದರ ಬಟ್ಟೆಯನ್ನು ಹೊಸದಾಗಿ ಮಡಚುತ್ತಿದ್ದರು. ಮಡಿಕೆಯಿಂದ ಆ ಹಳೆಯ ಚೀಟಿಯ ಅಂಚು ಕಾಣುತ್ತಿತ್ತು.

"ಅತ್ತೆ, ಅದು ಡೆಸ್ಕಿಂದು..."

"ಇದ್ದ ಕಡೆ ಇರ್ಲಿ ಬಿಡು. ನೀನು ಬಾವಿ ಹತ್ರ ಹೋಗ್ಬೇಡ, ಭಾರ ಎತ್ಬೇಡ. ಗಾಡೀಲಿ ಹೋಗೋವಾಗ ಹುಲ್ಲು ದಪ್ಪಗೆ ಹಾಸ್ಕೊಳ್ಳಿ ಅಂತ ಅವನಿಗೆ ಹೇಳಿದ್ದೀನಿ."

ನನಗೆ ಏನೂ ತಿಳಿಯಲಿಲ್ಲ. ಒಳಗೆ ಬಂದು ಹಾಜರಿ ಪುಸ್ತಕ ತೆರೆದೆ. ಗುಮಾಸ್ತರು ಬಂದ ವಾರದ ಮೂರು ಚುಕ್ಕೆಗಳಿವೆ. ಅಲ್ಲಿಂದ ಮುಂದಕ್ಕೆ ಬೆರಳಿಟ್ಟುಕೊಂಡು ಬಂದೆ. ಕೊಡಗಳ ಲೆಕ್ಕವಿದೆ, ಬೆರಣಿಗಳ ಲೆಕ್ಕವಿದೆ, ಅತ್ತೆ "ಹೂಂ" ಅಂದದ್ದರ ಲೆಕ್ಕವಿದೆ. ಚುಕ್ಕೆ ಇಲ್ಲ. ಮೊದಲ ಚುಕ್ಕೆಯಿಂದ ಇವತ್ತಿಗೆ ನಲವತ್ತೊಂದು ದಿನ. ಈ ಮನೆಯಲ್ಲಿ ಎಲ್ಲವನ್ನೂ ಎಣಿಸುವವಳು ನಾನು. ಇದೊಂದನ್ನು, ಪುಸ್ತಕವಿಲ್ಲದೆ, ಅತ್ತೆ ಎಣಿಸಿದ್ದರು.

ಡೆಸ್ಕಿನ ಮುಂದೆ ಕೂತೆ. ಆಮೇಲೆ ಪಟ್ಟಿಯನ್ನು ತೆಗೆದುಕೊಂಡು ಅರವತ್ತಮೂರನೆಯ ಕಾಗದದ ಮುಂದೆ ಬರೆದೆ: "ತೊಟ್ಟಿಲಲ್ಲಿದೆ. ಇಟ್ಟವರು, ಅತ್ತೆ." ಕೈ ಅಭ್ಯಾಸದಂತೆ ಷರಾದ ಕಡೆಗೆ ಹೋಯಿತು. ಅಲ್ಲಿ ಏನನ್ನೂ ಹಾಕದೆ ಪುಸ್ತಕ ಮುಚ್ಚಿದೆ.